ಮೀಟಿಂಗ್‌ನಲ್ಲಿ ನೀನು ಕೊನೆಗೆ ಮಾತಾಡು

ಗದಗ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದ.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನಿನ್ನೆ ನಿಮ್ಮ ಅವ್ವ ಫೋನ್ ಹಚ್ಚಿದ್ದಳು. ಗೋಕುಲ ರೋಡಿನ ಕಾರ್ಖಾನೆಯಲ್ಲಿ ನಿನ್ನನ್ನು ಸೂಪರ್‌ವೈಸರ್ ಮಾಡಿದ್ದಾರೆ ಅಂತ ಕೇಳಿ ಬಹಳ ಖುಷಿಯಾಯಿತು. ನಿನ್ನ ಬೇಸರವನ್ನೂ ಹೇಳಿದಳು. ಮೀಟಿಂಗ್‌ನಲ್ಲಿ ಎಲ್ಲರೂ ಹೂಂ ಅಂತಾರೆ, ಚಹಾದಂಗಡಿಗೆ ಹೋದ ಮೇಲೆ ಬೇರೆಯೇ ಮಾತಾಡ್ತಾರೆ ಅಂತ. ಅದಕ್ಕೇ ಈ ಪತ್ರ.

ಅವರ ಮೇಲೆ ಸಿಟ್ಟಾಗಬೇಡ. ನಾನೂ ಹಾಗೆ ಹೂಂ ಅಂದು ಕೂತವನೇ.

ನಾನು ರೈತರ ಸಹಕಾರಿ ಸೊಸೈಟಿಯಲ್ಲಿ ಸೆಕ್ರೆಟರಿ ಆಗಿದ್ದಾಗಿನ ಮಾತು. ಆ ವರ್ಷ ಉಳ್ಳಾಗಡ್ಡಿ ರೇಟು ಬಿದ್ದಿತ್ತು. ಸದಸ್ಯರ ಮಾಲನ್ನು ನಾವೇ ಖರೀದಿ ಮಾಡಿ ಗೋದಾಮಿನಲ್ಲಿ ಇಡೋಣ, ರೇಟು ಏರಿದ ಮೇಲೆ ಮಾರೋಣ ಅಂತ ವಿಚಾರ ಬಂತು. ಸಭೆ ಶುರುವಾಗುತ್ತಲೇ ಅಧ್ಯಕ್ಷರು, 'ನನಗಂತೂ ಇದು ಚಲೋ ಅನಿಸ್ತದ, ನೀವೇನಂತೀರಿ?' ಅಂದರು. ಇನ್ನೇನು ಅಂತಾರೆ? ಒಬ್ಬರ ಹಿಂದೆ ಒಬ್ಬರು ತಲೆಯಾಡಿಸಿದರು. ಹತ್ತು ನಿಮಿಷದಲ್ಲಿ ಠರಾವು ಪಾಸಾಯಿತು. ನಡಾವಳಿ ಪುಸ್ತಕದಲ್ಲಿ 'ಸರ್ವಾನುಮತದಿಂದ' ಅಂತ ಬರೆದವನು ನಾನೇ.

ಅವತ್ತೇ ಬೆಳಿಗ್ಗೆ ಹಮಾಲನೊಬ್ಬ ನನಗೆ ಒಂದು ಗಡ್ಡೆ ತೋರಿಸಿದ್ದ. ಹೆಬ್ಬೆರಳಿನಿಂದ ಅದರ ಕುತ್ತಿಗೆ ಒತ್ತಿದ. ಮೆತ್ತಗಿತ್ತು, ಬೆರಳಿಗೆ ನೀರು ಹತ್ತಿತು. 'ಕೀಳೂ ಮುಂದ ಮಳಿ ಹಿಡದೈತ್ರಿ. ಕುತ್ತಿಗಿ ಒಣಗಿಲ್ಲ. ಇದು ನಿಲ್ಲೂದಿಲ್ರಿ' ಅಂದ. ಆ ಮಾತು ಸಭೆಯಲ್ಲಿ ನನ್ನ ಗಂಟಲ ತನಕ ಬಂದಿತ್ತು. ಅಧ್ಯಕ್ಷರು ಹೇಳಿ ಆಯಿತಲ್ಲ, ನಾನ್ಯಾಕೆ ಅಡ್ಡ ಬರಲಿ ಅಂತ ನುಂಗಿಕೊಂಡೆ. ಮೂರು ವಾರ ಆಗುವಷ್ಟರಲ್ಲಿ ಗೋದಾಮಿನ ನಾತ ರಸ್ತೆಯ ತನಕ ಬರುತ್ತಿತ್ತು. ಅರ್ಧಕ್ಕರ್ಧ ಮಾಲು ತಿಪ್ಪೆಗೆ ಹೋಯಿತು.

ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ನಾಲ್ವರು ನಿರ್ದೇಶಕರಿಗೆ ಮೊದಲೇ ಅನುಮಾನ ಇತ್ತಂತೆ. ತಮಗೊಬ್ಬರಿಗೇ ಹೀಗನಿಸ್ತಿದೆ ಅಂತ ಪ್ರತಿಯೊಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ದುಡ್ಡು ಹೋದದ್ದಕ್ಕಿಂತ ಇದೇ ನನ್ನನ್ನು ಇವತ್ತಿಗೂ ಜಾಸ್ತಿ ಕಾಡುತ್ತದೆ. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಕೆಲಸದ ಜಾಗದಲ್ಲಿ ಆ ಮಾತನ್ನು ನಂಬಲೇಬೇಡ.

ನಮ್ಮ ತಾಲ್ಲೂಕಿನ ಕಣಗಿನಹಾಳ ನಿನಗೆ ಗೊತ್ತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಅಲ್ಲಿ ಕಟ್ಟಿದ್ದು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ ಒಂದು. ಶೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ ಅನ್ನುವುದು ಸಹಕಾರದ ತತ್ವ. ಆ ತತ್ವದ ಮೇಲೆ ನನಗೆ ಬಹಳ ಅಭಿಮಾನ. ಆದರೆ ಉಳ್ಳಾಗಡ್ಡಿಯ ಸಭೆಯಲ್ಲೂ ಎಲ್ಲರಿಗೂ ಮತ ಇತ್ತು. ಕೈ ಎತ್ತುವ ಹೊತ್ತಿಗೆ ಮನಸ್ಸೇ ಅಧ್ಯಕ್ಷರ ಕಡೆ ವಾಲಿತ್ತು.

ಇದು ನಮ್ಮವರ ಗುಣ ಮಾತ್ರ ಅಂದುಕೊಳ್ಳಬೇಡ. 1951ರಲ್ಲಿ ಅಮೆರಿಕದಲ್ಲಿ ಸಾಲೊಮನ್ ಆಶ್ ಅನ್ನುವ ಮನೋವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯಾವ ಗೆರೆ ಯಾವ ಗೆರೆಯಷ್ಟು ಉದ್ದ ಅಂತ ಹೇಳಬೇಕು, ಅಷ್ಟೇ. ಮಕ್ಕಳೂ ಹೇಳಬಹುದು. ಕೋಣೆಯಲ್ಲಿ ಕೂತ ಉಳಿದವರಿಗೆಲ್ಲ ಬೇಕಂತಲೇ ತಪ್ಪು ಹೇಳಲು ಮೊದಲೇ ತಿಳಿಸಿದ್ದರು. ಇದು ಗೊತ್ತಿಲ್ಲದೆ ಬಂದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಆ ತಪ್ಪಿಗೇ ಹೂಂ ಅಂದರು. ಅದೇ ಗುಂಪಿನಲ್ಲಿ ಇನ್ನೊಬ್ಬ ಯಾರಾದರೂ ಸರಿ ಉತ್ತರ ಹೇಳಿಬಿಟ್ಟರೆ, ಹಾಗೆ ಹೂಂ ಅನ್ನುವುದು ಬಹಳ ಕಡಿಮೆಯಾಯಿತು. ಒಬ್ಬ ಜೊತೆಗಿದ್ದರೆ ಸಾಕು, ಎಷ್ಟು ಧೈರ್ಯ ಬರುತ್ತೆ ನೋಡು.

ಹಾಗಾಗಿ ಮೀಟಿಂಗ್‌ನಲ್ಲಿ ನಿನ್ನ ಅಭಿಪ್ರಾಯ ಕೊನೆಗೆ ಹೇಳು. ಇದು ಕಷ್ಟ, ನಾಲಿಗೆ ತುರಿಸುತ್ತೆ. ಆದರೂ ತಡೆದುಕೋ. ಮಾತು ಶುರುವಾಗುವ ಮೊದಲೇ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಬರೆಸು. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ನೋಡಿದ್ದೀಯಲ್ಲ. ಖರೀದಿದಾರರು ಕಾಯಿ ಮುರಿದು, ಬಣ್ಣ ನೋಡಿ, ತೇವ ನೋಡಿ ಒಂದೊಂದು ರಾಶಿಗೂ ತಮ್ಮ ರೇಟು ಗುಟ್ಟಾಗಿ ಹಾಕುತ್ತಾರೆ. ಮೊದಲು ಚೀಟಿ, ಈಗ ಕಂಪ್ಯೂಟರ್. ಟೆಂಡರ್ ತೆರೆಯುವ ತನಕ ಒಬ್ಬರ ರೇಟು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಪಕ್ಕದವನ ಮುಖ ನೋಡದೆ, ಎದುರಿಗಿನ ಮಾಲು ನೋಡಿ ಬರೆಯಬೇಕು. ನಿನ್ನ ಚೀಟಿಗಳೂ ಹಾಗೇ ಇರಲಿ.

ಆಮೇಲೆ ಬಾಯಿಬಿಟ್ಟು ಬೇಡ ಅಂದವನನ್ನು ಎಲ್ಲರ ಮುಂದೆ ಗದರಿಸಬೇಡ. ಒಂದು ಸಲ ಗದರಿಸಿದರೆ ವರ್ಷಗಟ್ಟಲೆ ಯಾರೂ ಬಾಯಿ ತೆರೆಯುವುದಿಲ್ಲ. ಅವನ ಮಾತು ಸರಿ ಕಾಣದಿದ್ದರೆ ಯಾಕೆ ಅಂತ ಹೇಳು, ಅವನ ತಕರಾರನ್ನೂ ಪುಸ್ತಕದಲ್ಲಿ ಬರೆಸು. ಎಲ್ಲರೂ ಒಪ್ಪುವ ತನಕ ಎಳೆಯುತ್ತಾ ಕೂರಬೇಕಿಲ್ಲ. ಕೇಳಿಸಿಕೊಂಡು ಆದ ಮೇಲೆ ನೀನೇ ನಿರ್ಧಾರ ಮಾಡು, ಹೊಣೆಯನ್ನೂ ನೀನೇ ಹೊರು. ಇನ್ನು ಸಣ್ಣಪುಟ್ಟ ವಿಷಯಕ್ಕೆಲ್ಲ ಮೀಟಿಂಗ್ ಕರೆದು ಜನರ ಹೊತ್ತು ಹಾಳು ಮಾಡಬೇಡ.

ಬರುವ ಗುರುವಾರ ಹೊಸ ಮಷೀನಿನ ವಿಚಾರ ಇದೆಯಂತಲ್ಲ. ರಾತ್ರಿ ಪಾಳಿಯಲ್ಲಿ ಹಳೇ ಮಷೀನು ನಡೆಸುವವನನ್ನು ಅವತ್ತು ಒಳಗೆ ಕರೆದು ಕೂರಿಸು. ಬಾಗಿಲ ಹತ್ತಿರ ನಿಲ್ಲಿಸಬೇಡ, ಕುರ್ಚಿ ಕೊಡು. ಮೊದಲು ಅವನನ್ನೇ ಕೇಳು. ಏನು ಹೇಳಿದ ಅಂತ ಅವತ್ತು ರಾತ್ರಿಯೇ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎಚ್ಚರ ಇರುತ್ತೇನೆ.

ನಿಮ್ಮ ಅತ್ತಿ ಹೆಸರುಕಾಳು ಕಟ್ಟಿಟ್ಟಿದ್ದಾಳೆ. ಬಂದಾಗ ಒಯ್ಯಿ.

ಇತಿ ನಿನ್ನ ಮಾಮಾ