ಗಾಡಿ ಯಾವ ಗೇರ್‌ನಲ್ಲಿತ್ತು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ಘಾಟಿ ಅಪಘಾತದ ಸುದ್ದಿ ಬಂದೇ ಬರುತ್ತದೆ. ‘ಬ್ರೇಕ್ ವಿಫಲಗೊಂಡು ವಾಹನ ಧರೆಗೆ ಡಿಕ್ಕಿ’ ಅಂತ ಒಂದು ಸಾಲು, ಅಷ್ಟೇ. ಬ್ರೇಕ್ ಯಾಕೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ನಾನು ತೀರ್ಥಹಳ್ಳಿ–ಉಡುಪಿ ದಾರಿಯಲ್ಲಿ 22 ವರ್ಷ ಮಿನಿ ಬಸ್ ಓಡಿಸಿದವನು. ಆಗುಂಬೆ ಘಾಟಿಯ 14 ತಿರುವುಗಳು ಈಗಲೂ ಕನಸಿನಲ್ಲಿ ಬರುತ್ತವೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಮಾಲೀಕರಿಗೆ ದಿನಾ ಡೀಸೆಲ್ ಲೆಕ್ಕ ಒಪ್ಪಿಸಬೇಕು. ಅರ್ಧ ಲೀಟರ್ ಉಳಿಸಿದರೂ ಶಹಬ್ಬಾಸ್. ಹಾಗಾಗಿ ಇಳಿಜಾರು ಶುರುವಾಗಿದ್ದೇ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿ ಬಿಡುತ್ತಿದ್ದೆ, ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಇಲ್ಲದ ಹಾಗೆ. ಒಂದು ದಿನ ಅರ್ಧ ಘಾಟಿ ಇಳಿದಿರಬಹುದು, ಬ್ರೇಕಿನಲ್ಲಿ ಉಜ್ಜಿ ಹಿಡಿಯುವ ಪಟ್ಟಿ, ಅಂದರೆ ಲೈನರ್, ಸುಟ್ಟ ವಾಸನೆ ಬಂತು. ಪೆಡಲ್ ಒತ್ತಿದರೆ ಹತ್ತಿ ಮೂಟೆ ತುಳಿದ ಹಾಗೆ. ಧರೆ ಕಡೆಯ, ಅಂದರೆ ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ, ಮಣ್ಣಿಗೆ ಉಜ್ಜಿಸಿ ನಿಲ್ಲಿಸಿದೆ. ದೇವರ ದಯೆ, ಟಾಪ್ ಮೇಲಿದ್ದ ಎರಡು ಬಾಳೆಗೊನೆ ಉರುಳಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ವಿಚಿತ್ರ ಅಂದರೆ, ಸಂಜೆ ಮೆಕ್ಯಾನಿಕ್ ಬಂದು ನೋಡುವಾಗ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು! ಸುಮ್ನೆ ಸುಳ್ಳು ಹೇಳ್ತೀಯ ಅಂತ ಬೈಸಿಕೊಂಡೆ.

ಆ ಒಗಟು ಬಿಡಿಸಿದ್ದು ಒಂಬತ್ತನೇ ತರಗತಿ ಓದುವ ನನ್ನ ಮೊಮ್ಮಗಳು, ಅದೂ ಈ ವರ್ಷ. ಅವಳು ‘ಕೆಲಸ ಮತ್ತು ಶಕ್ತಿ’ ಪಾಠ ಓದುತ್ತಿದ್ದಳು. ಮೂಟೆ ಹೊತ್ತು ಸಮತಟ್ಟು ನೆಲದಲ್ಲಿ ನಡೆದರೆ ಮೂಟೆಯ ಮೇಲೆ ಮಾಡಿದ ಕೆಲಸ ಸೊನ್ನೆಯಂತೆ. ಇದನ್ನು ಹಮಾಲರ ಎದುರು ಓದಬೇಡ ಮಗಾ ಅಂದೆ. ಆದರೆ ಮುಂದಿನ ಪುಟ ನನ್ನನ್ನು ಹಿಡಿದು ಕೂರಿಸಿತು. ಎತ್ತರದಲ್ಲಿರುವ ವಸ್ತುವಿನಲ್ಲಿ ಶಕ್ತಿ ಅಡಗಿರುತ್ತದೆ, ಅದು ಕಳೆದುಹೋಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ ಅಂತ ಇತ್ತು. ಹಾಗಾದರೆ ನನ್ನ ಬಸ್ಸಿನದು ಎಲ್ಲಿಗೆ ಹೋಯಿತು?

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಜನ, ಸಾಮಾನು ಸೇರಿ ಬಸ್ 8 ಟನ್. ಇಳಿತ 500 ಮೀಟರ್ ಅಂತ ಇಟ್ಟುಕೊಂಡೆವು. ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 4 ಕೋಟಿ ಜೌಲ್. ಜೌಲ್ ಅಂದರೆ ಶಕ್ತಿ ಅಳೆಯುವ ಮಾನವಂತೆ, ನನಗೆ ತಲೆಗೆ ಹೋಗಲಿಲ್ಲ. ಅವಳು ಹಂಡೆ ಲೆಕ್ಕದಲ್ಲಿ ಹೇಳಿದಳು. ನಮ್ಮ ಬಚ್ಚಲ ಹಂಡೆ 40 ಲೀಟರಿನದು. ಅಂಥ ಮೂರು ಹಂಡೆ ತಣ್ಣೀರು ಕೊತಕೊತ ಕುದಿಯುವಷ್ಟು ಶಾಖ! ಇನ್ನೊಂದು ಲೆಕ್ಕವೂ ಹಾಕಿದಳು. ಸಮತಟ್ಟು ರಸ್ತೆಯಲ್ಲಿ 40 ಕಿ.ಮೀ. ವೇಗದ ಅದೇ ಬಸ್ಸನ್ನು ಒಂದು ಸಲ ನಿಲ್ಲಿಸಲು ಬ್ರೇಕ್ ನುಂಗುವುದು 5 ಲಕ್ಷ ಜೌಲ್ ಮಾತ್ರ. ಅಂದರೆ ನ್ಯೂಟ್ರಲ್‌ನಲ್ಲಿ ಘಾಟಿ ಇಳಿಸುವುದು, 80 ಸಲ ಬ್ರೇಕ್ ಹೊಡೆದು ನಿಲ್ಲಿಸಿದ್ದಕ್ಕೆ ಸಮ. ಅದೂ ಅರ್ಧ ಗಂಟೆಯೊಳಗೆ. ಗಾಳಿ, ಟಯರ್ ಸ್ವಲ್ಪ ತಿನ್ನುತ್ತವೆ, ಇರಲಿ. ಉಳಿದದ್ದೆಲ್ಲ ಚಕ್ರದೊಳಗಿನ ನಾಲ್ಕು ಬ್ರೇಕ್ ಡ್ರಮ್ಮಿಗೆ, ಲೈನರ್ ಉಜ್ಜುವುದು ಅದಕ್ಕೇ. ಲೈನರ್ ಅತಿಯಾಗಿ ಕಾದರೆ ಹಿಡಿತ ಬಿಡುತ್ತದೆ, ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ. ಮೆಕ್ಯಾನಿಕ್ ನನ್ನನ್ನು ನಂಬದೇ ಇದ್ದದ್ದು ಇದಕ್ಕೇ!

ಆ ಮಾನಕ್ಕೆ ಹೆಸರು ಕೊಟ್ಟ ಜೌಲ್ ಅನ್ನುವವರು ಇಂಗ್ಲೆಂಡಿನ ಬಿಯರ್ ತಯಾರಕರ ಮನೆತನದವರಂತೆ. 1840ರ ದಶಕದಲ್ಲಿ ತೂಕದ ಬಟ್ಟು ಕೆಳಗಿಳಿಯುವಾಗ ನೀರಿನೊಳಗೆ ರೆಕ್ಕೆ ತಿರುಗುವ ಹಾಗೆ ಮಾಡಿ, ನೀರು ಎಷ್ಟು ಬಿಸಿಯಾಯಿತು ಅಂತ ಅಳೆದರು. ಅವರು ಬಟ್ಟು ಇಳಿಸಿದರು, ನಾನು 30 ಜನರನ್ನು ಕೂರಿಸಿಕೊಂಡು ಬಸ್ ಇಳಿಸಿದೆ.

ನಮ್ಮ ಹಳೆಯ ಡ್ರೈವರುಗಳಿಗೆ ಜೌಲ್ ಗೊತ್ತಿರಲಿಲ್ಲ. ‘ಹತ್ತಿದ ಗೇರ್‌ನಲ್ಲೇ ಇಳಿ’ ಅನ್ನುತ್ತಿದ್ದರು. ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕು. ಆ ದುಡಿತದಲ್ಲಿ ಒಂದಷ್ಟು ಶಕ್ತಿ ಎಂಜಿನ್ನಿಗೆ ಹೋಗುತ್ತದೆ, ಬ್ರೇಕಿಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಈಗಿನ ಗಾಡಿಗಳಲ್ಲಂತೂ ಗೇರ್‌ನಲ್ಲಿ ಇಳಿಯುವಾಗ ಇಂಧನ ಹೋಗುವುದೇ ನಿಂತುಬಿಡುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಸ್ವಲ್ಪ ಕುಡಿಯುತ್ತಲೇ ಇರುತ್ತದೆ. ಉಳಿಯುವುದೇನು, ಮಣ್ಣು! ಆದರೂ ವಾರಾಂತ್ಯದಲ್ಲಿ ಬರುವ ಕಾರಿನ ಹುಡುಗರು ಇವತ್ತಿಗೂ ಅದನ್ನೇ ಮಾಡುತ್ತಾರೆ.

ನಿಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಮುಂದಿನ ಸಲ ‘ಬ್ರೇಕ್ ವಿಫಲ’ ಅಂತ ಬರೆಯುವ ಮೊದಲು, ಗಾಡಿ ಯಾವ ಗೇರ್‌ನಲ್ಲಿತ್ತು ಅಂತ ಒಂದು ಮಾತು ಕೇಳಿ.

ಹಾಂ, ಇನ್ನೊಂದು. ಡ್ರಮ್ ಕಾದಿದೆ ಅಂತ ಕ್ಲೀನರ್ ಹುಡುಗರು ಕೊಡಪಾನದಲ್ಲಿ ನೀರು ಸುರಿಯುತ್ತಾರೆ. ಹಾಗೆ ಮಾಡಿಸಬೇಡಿ, ಬಿರುಕು ಬಿಡುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ.

— ಒಬ್ಬ ನಿವೃತ್ತ ಬಸ್ ಚಾಲಕ, ತೀರ್ಥಹಳ್ಳಿ