ಗೆಳೆಯನಿಗೊಂದು ಪತ್ರ: ಎಂಟನೇ ತರಗತಿಯ ಮೂರನೇ ಬೆಂಚಿನಿಂದ

ಸಿದ್ದಾಪುರ, ಕೊಡಗು
ಏಪ್ರಿಲ್ ಎರಡನೇ ವಾರ

ಪ್ರೀತಿಯ ಗೆಳೆಯ,

ಇತ್ತ ನಾವೆಲ್ಲರೂ ಕ್ಷೇಮ. ನೀನು, ನಿನ್ನ ಅಪ್ಪ ಅಮ್ಮ ಮತ್ತು ತಂಗಿ ಮೈಸೂರಿನಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕಳೆದ ಮೇ ತಿಂಗಳಲ್ಲಿ ನಿಮ್ಮ ಮನೆಯ ಸಾಮಾನುಗಳನ್ನು ಪಿಕಪ್ಪಿಗೆ ಏರಿಸಿ ನೀವು ಹೊರಟ ದಿನ, ಹೈಸ್ಕೂಲು ಹೇಗಿದೆಯೆಂದು ಬರೆದು ತಿಳಿಸುತ್ತೇನೆಂದು ನಿನಗೆ ಮಾತು ಕೊಟ್ಟಿದ್ದೆ. ಆಮೇಲೆ ಫೋನಿನಲ್ಲಿ ನಾಲ್ಕೈದು ಬಾರಿ ಮಾತನಾಡಿದರೂ "ಚೆನ್ನಾಗಿದೆ" ಎನ್ನುವುದಕ್ಕಿಂತ ಹೆಚ್ಚೇನನ್ನೂ ನಾನು ಹೇಳಲಿಲ್ಲ. ನಿಜವೆಂದರೆ ಮೊದಲ ನಾಲ್ಕು ತಿಂಗಳು ಚೆನ್ನಾಗಿರಲಿಲ್ಲ. ಈಗ ವಾರ್ಷಿಕ ಪರೀಕ್ಷೆ ಮುಗಿದು ರಜೆ ಬಂದಿರುವುದರಿಂದ ಎಲ್ಲವನ್ನೂ ಬರೆಯಲು ಕುಳಿತಿದ್ದೇನೆ. ಬರೆಯಲೇಬೇಕಾದ ಇನ್ನೊಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಏಳನೇ ತರಗತಿಯವರೆಗೆ ನಾವಿಬ್ಬರೂ ತೋಟದ ಒಳದಾರಿಯಲ್ಲಿ ಹತ್ತು ನಿಮಿಷ ನಡೆದರೆ ಶಾಲೆ ಸಿಗುತ್ತಿತ್ತು. ಈಗ ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟು, ಒಂದೂವರೆ ಕಿಲೋಮೀಟರ್ ನಡೆದು ಮುಖ್ಯರಸ್ತೆ ಸೇರಿ, ಮಾಲ್ದಾರೆ ಕಡೆಯಿಂದ ಬರುವ ಬಸ್ಸಿಗೆ ಕಾಯಬೇಕು. ಆನೆಯ ಭಯದಿಂದ ಅಪ್ಪ ಒಂದು ದಿನವೂ ನನ್ನನ್ನು ಒಬ್ಬನೇ ಕಳುಹಿಸಲಿಲ್ಲ. ಜೂನ್ ತಿಂಗಳಲ್ಲಿ ಹಲಸು ಹಣ್ಣಾಗುವಾಗ ಹಿಂಡು ತೋಟದೊಳಗೇ ಉಳಿದಿರುತ್ತದೆಂಬುದು ನಿನಗೂ ಗೊತ್ತು. ಆದರೆ ನಾನು ನಿಜವಾಗಿ ಹೆದರಿದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ಮಂಜು ದಟ್ಟವಾಗಿತ್ತು, ಹತ್ತು ಮಾರು ದೂರದ ಸಿಲ್ವರ್ ಮರಗಳೂ ಕಾಣಿಸುತ್ತಿರಲಿಲ್ಲ. ಮುಂದೆ ಹೋಗುತ್ತಿದ್ದ ಅಪ್ಪ ಥಟ್ಟನೆ ನಿಂತು ಕೈಯನ್ನು ಹಿಂದಕ್ಕೆ ಚಾಚಿ ನನ್ನನ್ನು ತಡೆದರು. ದಾರಿಯ ನಡುವೆ ಆನೆಯ ಲದ್ದಿ ಬಿದ್ದಿತ್ತು, ಅದರಿಂದ ಹಬೆ ಏಳುತ್ತಿತ್ತು, ಅದರ ತುಂಬ ಜೀರ್ಣವಾಗದ ಕಾಫಿ ಬೀಜಗಳು ಅಂಟಿಕೊಂಡಿದ್ದವು. ಬೇಲಿಯ ಆಚೆ ಎಲ್ಲೋ ಒಂದು ಕೊಂಬೆ ಮುರಿದ ಸದ್ದು ಕೇಳಿಸಿತು. ಅಪ್ಪ ಒಂದು ಮಾತನ್ನೂ ಆಡದೆ ನನ್ನ ಬ್ಯಾಗು ಹಿಡಿದು ಹಿಂದಕ್ಕೆ ಕರೆತಂದರು. ಅಂದು ನಾನು ಶಾಲೆಗೆ ಹೋದದ್ದು ಎರಡನೇ ಪಿರಿಯಡ್ ಮುಗಿದ ಮೇಲೆ. ತರಗತಿಯಲ್ಲಿ ತಡವಾದ ಕಾರಣವನ್ನು ಯಾರೂ ಕೇಳಲಿಲ್ಲ, ಏಕೆಂದರೆ ಇಲ್ಲಿ ತಡವಾಗಿ ಬರುವವರಲ್ಲಿ ಹೆಚ್ಚಿನವರಿಗೆ ಕಾರಣ ಅದೇ ಆಗಿರುತ್ತದೆ.

ಆದರೆ ಮೊದಲ ತಿಂಗಳುಗಳ ನನ್ನ ಕಷ್ಟ ದಾರಿಯದ್ದಲ್ಲ, ಭಾಷೆಯದ್ದು. ಏಳು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನನ್ನು, ಮುಂದಿನ ಓದಿಗೆ ಅನುಕೂಲವಾಗಲೆಂದು ಅಪ್ಪ ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಸೇರಿಸಿದರು. ಭಾಗಲಬ್ಧ ಸಂಖ್ಯೆ ಎಂದರೆ ಏನೆಂದು ನನಗೆ ತಿಳಿದಿತ್ತು. ರ‍್ಯಾಷನಲ್ ನಂಬರ್ ಎಂದಾಗ ಅದೇ ವಿಷಯ ಬೇರೊಂದರಂತೆ ಕೇಳಿಸುತ್ತಿತ್ತು. ಟೀಚರ್ ಪ್ರಶ್ನೆ ಕೇಳಿದರೆ, ಮೊದಲು ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದು, ಉತ್ತರ ಹೊಂದಿಸಿ, ಆ ಉತ್ತರವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಬೇರೆ ಯಾರಾದರೂ ಹೇಳಿ ಮುಗಿಸಿರುತ್ತಿದ್ದರು. ಮೊದಲ ರೂಪಣಾತ್ಮಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ನನಗೆ ಬಂದದ್ದು 20ಕ್ಕೆ 7. ಹಳೆಯ ಶಾಲೆಯಲ್ಲಿ ನಾವಿಬ್ಬರೂ ಸರದಿಯಂತೆ ಮೊದಲಿಗರಾಗುತ್ತಿದ್ದೆವಲ್ಲ, ಆ ಉತ್ತರಪತ್ರಿಕೆಯನ್ನು ಅಪ್ಪನ ಸಹಿಗೆ ಕೊಡಲು ನನಗೆ ಎರಡು ದಿನ ಬೇಕಾಯಿತು.

ಮಳೆಗಾಲವೂ ಅದೇ ಹೊತ್ತಿಗೆ ಜೋರಾಯಿತು. ಜುಲೈಯಲ್ಲಿ ಕರಡಿಗೋಡಿನ ಕಡೆ ಕಾವೇರಿ ಉಕ್ಕಿದಾಗ, 2019ರ ಪ್ರವಾಹವನ್ನು ಕಂಡವರೆಲ್ಲರೂ ರಾತ್ರಿಯಿಡೀ ನದಿಯ ಸದ್ದಿಗೆ ಕಿವಿಗೊಟ್ಟೇ ಕುಳಿತಿದ್ದರಂತೆ. ನಮಗೆ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟರೆ ಆ ದಿನಗಳ ಪಾಠವನ್ನು ಶನಿವಾರ ಮಧ್ಯಾಹ್ನ ಕುಳಿತು ತುಂಬಿಸಿಕೊಡಬೇಕಿತ್ತು. ಕರೆಂಟು ಮೂರು ನಾಲ್ಕು ದಿನ ಇರುತ್ತಿರಲಿಲ್ಲ. ನೋಟ್ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತಿತ್ತು; ಅಜ್ಜಿ ಅವುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿ ಕೊಡುತ್ತಿದ್ದರು. ಒದ್ದೆ ಸಮವಸ್ತ್ರದಲ್ಲಿ ನಡುಗುತ್ತ ಶಾಲೆ ಸೇರಿದಾಗ ಕೈಗೆ ಸಿಗುವ ಬಿಸಿ ಹಾಲಿನ ಲೋಟವನ್ನು ನಾನು ಕುಡಿಯುವುದಕ್ಕೆ ಮೊದಲು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ನಿಲ್ಲುತ್ತಿದ್ದೆ.

ಹಾಗೆ ನಿಂತಿದ್ದ ಒಂದು ದಿನವೇ ನಮ್ಮ ತರಗತಿಯ ಒಬ್ಬ ಹುಡುಗನ ಪರಿಚಯವಾದದ್ದು. ನನ್ನ ಕಾಲ್ಚೀಲದ ಮೇಲೆ ರಕ್ತ ಹರಡಿದ್ದನ್ನು ಕಂಡು, ತನ್ನ ಊಟದ ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ತೆಗೆದು ಜಿಗಣೆಯ ಮೇಲೆ ಉದುರಿಸಿದ. ಮರುದಿನದಿಂದ ಮೂರನೇ ಬೆಂಚಿನಲ್ಲಿ ನನ್ನ ಪಕ್ಕವೇ ಕುಳಿತ. ನನ್ನ ಅಪ್ಪ ರೈಟರ್ ಆಗಿ ಲೆಕ್ಕಪತ್ರ ನೋಡಿಕೊಳ್ಳುವ ತೋಟದ ಪಕ್ಕದ ತೋಟದಲ್ಲಿ ಅವನ ತಂದೆ ತಾಯಿ ಕೆಲಸ ಮಾಡುತ್ತಾರೆ. ಅವರು ಅಲ್ಲಿ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿದ್ದಾರೆ. ಅವನು ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಮಲಯಾಳ, ನನ್ನೊಡನೆ ಕನ್ನಡ ಮಾತನಾಡುತ್ತಾನೆ, ಹೀಗಾಗಿ ಇಂಗ್ಲಿಷನ್ನೂ ಇನ್ನೊಂದು ಭಾಷೆ ಎಂದಷ್ಟೇ ನೋಡುತ್ತಾನೆ. ಗಣಿತದಲ್ಲಿ ಅವನನ್ನು ಮೀರಿಸುವವರು ನಮ್ಮ ತರಗತಿಯಲ್ಲಿಲ್ಲ. ನಿನ್ನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿಕೊಂಡೆನೆಂದು ದಯವಿಟ್ಟು ಬೇಸರಪಡಬೇಡ.

ದಸರಾ ರಜೆ ಕಳೆದು ಶಾಲೆ ಮತ್ತೆ ತೆರೆದ ಮೇಲೆ ವಿಜ್ಞಾನದಲ್ಲಿ ಫ್ರಿಕ್ಷನ್ ಪಾಠ ಬಂತು. ಒದ್ದೆ ನೆಲದಲ್ಲಿ ಕಾಲು ಏಕೆ ಜಾರುತ್ತದೆಂದು ಟೀಚರ್ ಕೇಳಿದಾಗ ಅವನು ಮೊಣಕೈಯಿಂದ ನನ್ನನ್ನು ತಿವಿದ, ನಾನು ಎದ್ದು ನಿಂತೆ. ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಕನ್ನಡದಲ್ಲೇ ಹೇಳಿದೆ: ನಮ್ಮ ಮನೆಯ ಕಲ್ಲುಮೆಟ್ಟಿಲಿಗೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ಆಗ ಕಲ್ಲಿಗೂ ಕಾಲಿಗೂ ನಡುವಿನ ಘರ್ಷಣೆ ಕಡಿಮೆಯಾಗುತ್ತದೆ, ಅದಕ್ಕಾಗಿ ಅಪ್ಪ ಅಂಗಳದಿಂದ ಮೆಟ್ಟಿಲವರೆಗೆ ಅಡಿಕೆ ಸೋಗೆ ಹಾಸುತ್ತಾರೆ, ಗಮ್ ಬೂಟಿನ ಅಡಿಯಲ್ಲಿ ಗೆರೆಗಳಿರುವುದೂ ಅದೇ ಕಾರಣಕ್ಕೆ. ಟೀಚರ್ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಅನಂತರ ಕಪ್ಪುಹಲಗೆಯ ಮೇಲೆ ಫ್ರಿಕ್ಷನ್ ಎಂಬ ಪದದ ಪಕ್ಕದಲ್ಲಿ ಘರ್ಷಣೆ ಎಂದು ಬರೆದು, ನಾನು ಹೇಳಿದ್ದನ್ನೇ ಒಂದೊಂದು ವಾಕ್ಯವಾಗಿ ಇಂಗ್ಲಿಷಿನಲ್ಲಿ ನನ್ನಿಂದಲೇ ಹೇಳಿಸಿದರು. ಅಂದಿನಿಂದ ಪ್ರತಿ ಪಾಠದ ಹೊಸ ಪದಗಳನ್ನು ಅವರು ಎರಡೂ ಭಾಷೆಗಳಲ್ಲಿ ಬರೆಯುತ್ತಾರೆ. ನನ್ನಂತೆ ಕನ್ನಡ ಮಾಧ್ಯಮದಿಂದ ಬಂದವರು ತರಗತಿಯಲ್ಲಿ ಇನ್ನೂ ಹನ್ನೊಂದು ಮಂದಿ ಇದ್ದರೆಂದು ನನಗೆ ತಿಳಿದದ್ದೇ ಆ ಮೇಲೆ. ಅಲ್ಲಿಯವರೆಗೆ ಅವರೂ ನನ್ನಂತೆಯೇ ಮೌನವಾಗಿದ್ದರು.

ಜನವರಿಯಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಬಿರುಸಾಯಿತು, ಬೆಂಚಿನಲ್ಲಿ ಅವನ ಜಾಗ ಖಾಲಿಯಾಯಿತು. ಒಂಬತ್ತು ದಿನ ಅವನು ಬರಲಿಲ್ಲ. ಕೊಯ್ಲಿನ ಕಾಲದಲ್ಲಿ ಲೈನ್ ಮನೆಗಳ ಮಕ್ಕಳು ಹೀಗೆ ತಪ್ಪಿಸಿಕೊಳ್ಳುವುದು ಇಲ್ಲಿ ಹೊಸದಲ್ಲ, ಆದ್ದರಿಂದ ಹಾಜರಿ ಕೂಗುವಾಗ ಯಾರೂ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಅದು ನನಗೆ ಬಹಳ ನೋವುಂಟುಮಾಡಿತು. ಭಾನುವಾರ ಅಪ್ಪನೊಡನೆ ಅವರ ಮನೆಗೆ ಹೋದೆ. ಅವನು ಎರಡು ವರ್ಷದ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಗಿಡದ ಬುಡದಲ್ಲಿ ಉದುರಿದ ಹಣ್ಣುಗಳನ್ನು ಆರಿಸುತ್ತಿದ್ದ. ಅವನ ಬೆರಳುಗಳು ಕಾಫಿ ರಸದಿಂದ ಕಪ್ಪಾಗಿ, ಉಗುರಿನ ಸಂದುಗಳಲ್ಲಿ ಕರೆ ಕಟ್ಟಿತ್ತು. ಹಣ್ಣಿನ ತೂಕದ ಮೇಲೆ ಕೂಲಿ ಸಿಗುವುದರಿಂದ, ವರ್ಷದಲ್ಲಿ ನಾಲ್ಕು ಕಾಸು ಹೆಚ್ಚು ಸಿಗುವ ಈ ಎರಡು ತಿಂಗಳು ಅವನ ತಾಯಿ ಮಗುವಿಗಾಗಿ ಮನೆಯಲ್ಲಿ ಕೂರುವಂತಿರಲಿಲ್ಲ. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಅಜ್ಜಿಗೆ ಹೇಳಿದಾಗ ಅವರು, "ಮಗುವನ್ನು ಇಲ್ಲಿ ಬಿಟ್ಟು ಹೋಗಲಿ, ನಾನೇನು ದಿನವಿಡೀ ಹೊಲ ಉಳುತ್ತೇನೆಯೇ?" ಎಂದರು. ಫೆಬ್ರವರಿ ಮುಗಿಯುವವರೆಗೆ ಆ ಮಗು ನಮ್ಮ ಜಗಲಿಯಲ್ಲೇ ಬೆಳೆಯಿತು. ಈಗ ಅದು ಅಜ್ಜಿಯನ್ನು ಅವರ ಹೆಸರು ಹಿಡಿದೇ ಕೂಗುತ್ತದೆ. ಅಜ್ಜಿ ಹಾಗೆಂದ ಮರುದಿನವೇ ಅವನು ಶಾಲೆಗೆ ಬಂದ, ಒಂಬತ್ತು ದಿನದ ಪಾಠವನ್ನು ನನ್ನ ನೋಟ್ಸಿನಿಂದ ಮೂರು ದಿನದಲ್ಲಿ ಬರೆದುಕೊಂಡ.

ಈಗ ಆ ಇನ್ನೊಂದು ಕಾರಣಕ್ಕೆ ಬರುತ್ತೇನೆ. ಹೊರಡುವಾಗ ನೀನು ನಿನ್ನ ಹಾಕಿ ಸ್ಟಿಕ್ಕನ್ನು ನನಗೆ ಕೊಟ್ಟು ಹೋಗಿದ್ದೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ, ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಇವರ ಹೆಸರುಗಳನ್ನು ಹೇಳುತ್ತ ನೀನು ಅದಕ್ಕೆ ಎಣ್ಣೆಬಟ್ಟೆ ಒರೆಸುತ್ತಿದ್ದದ್ದು ನನಗೆ ಮರೆತಿಲ್ಲ. ಆಟದಲ್ಲಿ ನನಗೆ ನಿನ್ನಷ್ಟು ಕೈ ಹಿಡಿತವಿಲ್ಲ. ಸ್ಟಿಕ್ಕು ಬಾಗಿಲ ಹಿಂದೆಯೇ ಇತ್ತು. ಫೆಬ್ರವರಿಯಲ್ಲಿ ಪಿ.ಟಿ. ಸರ್ ಶಾಲಾ ತಂಡಕ್ಕೆ ಆಯ್ಕೆ ನಡೆಸಿದಾಗ ನನ್ನ ಬೆಂಚಿನ ಗೆಳೆಯ ಬಿದಿರ ಬೇರಿನ ಕೋಲಿನಿಂದ ಅಭ್ಯಾಸ ಮಾಡುತ್ತಿದ್ದುದನ್ನು ನೋಡಿ, ನಿನ್ನನ್ನು ಕೇಳದೆಯೇ ಅದನ್ನು ಅವನ ಕೈಗಿತ್ತೆ. ಅವನು ಲೆಫ್ಟ್ ಹಾಫ್ ಆಗಿ ಆಯ್ಕೆಯಾದ. ಕೇಳದೆ ಕೊಟ್ಟದ್ದು ನನ್ನ ತಪ್ಪು. ಎರಡು ತಿಂಗಳಿನಿಂದ ಫೋನಿನಲ್ಲಿ ಹೇಳಲಾಗದೆ ನುಂಗಿಕೊಂಡದ್ದು ಇದನ್ನೇ. ನಿನಗೆ ಅದು ಮರಳಿ ಬೇಕೆಂದಿದ್ದರೆ ಬರೆ, ಅವನೇ ತಂದುಕೊಡುತ್ತಾನೆ. ಸ್ಟಿಕ್ಕು ನಿನ್ನದೆಂದು ಅವನಿಗೆ ಮೊದಲ ದಿನವೇ ಹೇಳಿದ್ದೇನೆ.

ಫಲಿತಾಂಶ ಮೊನ್ನೆ ಬಂತು. ವಿಜ್ಞಾನದಲ್ಲಿ ನಾನು ತರಗತಿಗೆ ನಾಲ್ಕನೆಯವನು, ಗಣಿತದಲ್ಲಿ ಅವನು ಮೊದಲನೆಯವನು. ಕಾಫಿ ಗಿಡಗಳನ್ನು ಹೂ ಬಿಡಿಸುವ ಹೂ ಮಳೆ ಈ ವರ್ಷ ಪರೀಕ್ಷೆಯ ನಡುವೆಯೇ ಬಿದ್ದಿತು. ಸಮಾಜ ವಿಜ್ಞಾನದ ಪರೀಕ್ಷೆಯ ದಿನ ಬಸ್ಸಿನ ಎರಡೂ ಬದಿಯ ತೋಟಗಳು ಬೆಳ್ಳಗೆ ಅರಳಿ ನಿಂತಿದ್ದವು, ಆ ಪರಿಮಳಕ್ಕೆ ಬಸ್ಸಿನಲ್ಲಿ ಓದುತ್ತಿದ್ದವರೂ ಪುಸ್ತಕ ಮುಚ್ಚಿದರು.

ಮೇ ಮೊದಲ ವಾರ ನೀನು ಅಜ್ಜನ ಮನೆಗೆ ಬರುವೆಯೆಂದು ನಿನ್ನ ಅಮ್ಮ ನನ್ನ ಅಮ್ಮನಿಗೆ ಹೇಳಿದರಂತೆ. ಎರಡು ದಿನ ನಮ್ಮ ಮನೆಯಲ್ಲಿರಲೇಬೇಕು. ಸಿದ್ದಾಪುರದಲ್ಲಿ ಇಳಿದ ಮೇಲೆ ಒಬ್ಬನೇ ಹೊರಡಬೇಡ, ನಾವಿಬ್ಬರೂ ಬಸ್ ನಿಲ್ದಾಣಕ್ಕೆ ಬರುತ್ತೇವೆ. ಸ್ಟಿಕ್ಕಿನ ಹಿಡಿಯ ಹಳೆಯ ಗ್ರಿಪ್ ಹರಿದು, ಈಗ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಆಡುತ್ತಿದ್ದಾನೆ. ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತಿಲ್ಲ. ನಿನಗೆ ಒಪ್ಪಿಗೆಯಾದರೆ ಮೈಸೂರಿನಿಂದ ಒಂದು ಗ್ರಿಪ್ ತೆಗೆದುಕೊಂಡು ಬಾ.

ಇಂತಿ ನಿನ್ನ ಪ್ರೀತಿಯ
ಗೆಳೆಯ