ಎಷ್ಟು ಅಂತ ಕೇಳಬೇಡ, ಯಾವಾಗ ಅಂತ ಕೇಳು

ಚಿರಂಜೀವಿ ಮಗನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಶ್ರೀನಿವಾಸಪುರದಲ್ಲಿ ಚೆನ್ನಾಗಿದ್ದೇವೆ. ನಿಮ್ಮ ದೊಡ್ಡಪ್ಪನ ಕೆಮ್ಮು ಕಡಿಮೆಯಾಗಿದೆ.

ಮೊನ್ನೆ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ, "ದೊಡ್ಡಮ್ಮ, ಆರು ವಿಷಲ್ ಕೂಗಿಸಿದೆ, ಬೇಳೆ ಇನ್ನೂ ಹಾಗೇ ಇದೆ, ಇನ್ನೆಷ್ಟು ಕೂಗಿಸಲಿ" ಅಂದೆಯಲ್ಲ, ಆಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ದಿನವಿಡೀ ಕೆಲಸ ಮಾಡಿ ಬಂದ ಹುಡುಗ ಆ ಹೊತ್ತಿನಲ್ಲಿ ಬೇಯದ ಬೇಳೆ ಮುಂದೆ ನಿಂತಿದ್ದಾನೆ ಅಂತ ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಫೋನಿನಲ್ಲಿ ಎಲ್ಲಾ ಹೇಳೋಕೆ ಆಗಲ್ಲ. ಅದಕ್ಕೇ ಕೂತು ಬರೀತಿದ್ದೇನೆ. ಫೋನಿನಲ್ಲೇ ಓದು, ಆದರೆ ಅಳಿಸಬೇಡ.

ನೀನು ಚಿಕ್ಕಬಳ್ಳಾಪುರಕ್ಕೆ ಹೋಗಿ ಮೂರು ತಿಂಗಳಾಯಿತು. ಅಷ್ಟರಲ್ಲಿ ನನ್ನನ್ನು ಕೇಳಿದ್ದನ್ನೆಲ್ಲ ನೆನೆಸಿಕೊಂಡೆ. ಎಷ್ಟು ನೀರು, ಎಷ್ಟು ಹುಣಸೆಹಣ್ಣು, ಎಷ್ಟು ಚಮಚ ಸಾರಿನ ಪುಡಿ, ಎಷ್ಟು ವಿಷಲ್. ಒಂದು ಸಲವೂ ಯಾವಾಗ ಅಂತ ಕೇಳಿಲ್ಲ ನೀನು. ಎಷ್ಟು ಅನ್ನುವುದು ನಾಲ್ಕು ದಿನ ತಪ್ಪಿದರೆ ಐದನೇ ದಿನ ಕೈಗೆ ತಾನಾಗಿಯೇ ಬರುತ್ತದೆ. ಯಾವಾಗ ಅನ್ನುವುದನ್ನು ಯಾರಾದರೂ ಹೇಳಿಕೊಡಬೇಕು.

ಮೊದಲು ಬೇಳೆ. ನೀನು ತೊಗರಿಬೇಳೆ, ಟೊಮೆಟೊ, ಹುಣಸೆಹಣ್ಣು ಎಲ್ಲಾ ಒಟ್ಟಿಗೆ ಕುಕ್ಕರಿಗೆ ಹಾಕಿದೆ, ನೀರು ನಲ್ಲಿಯಿಂದ ಹಿಡಿದೆ. ಅಲ್ವಾ? ಎರಡೂ ಬೇಳೆಗೆ ಆಗದ್ದೇ. ಹುಳಿ ಸೇರಿದ ಮೇಲೆ ಬೇಳೆ ಬಿರುಸಾಗಿ ನಿಂತುಬಿಡುತ್ತದೆ, ಆಮೇಲೆ ಎಷ್ಟು ಹೊತ್ತು ಬೇಯಿಸಿದರೂ ಒಡೆಯಲ್ಲ. ನನ್ನ ಮದುವೆಯಾದ ಹೊಸದರಲ್ಲಿ ಹೀಗೇ ಆಯಿತು. ಹಬ್ಬದ ಮಾರನೇ ದಿನ, ಮನೆ ತುಂಬಾ ನೆಂಟರು. ಸೌದೆ ಒಲೆ ಮೇಲೆ ಬೇಳೆ ಇಟ್ಟು, ಬೇಗ ಮುಗಿಯಲಿ ಅಂತ ಹುಣಸೆರಸವನ್ನೂ ಸುರಿದುಬಿಟ್ಟೆ. ಒಂದು ಗಂಟೆಯಾದರೂ ಬೇಳೆ ಹಾಗೇ ಇತ್ತು. ಅತ್ತೆ ಬೈಯಲಿಲ್ಲ. ಒಲೆ ಹತ್ತಿರ ಬಂದು ಸೌಟಿನಲ್ಲಿ ಒಂದು ಬೇಳೆ ಎತ್ತಿ, ಊದಿ, ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಹಿಚುಕಿದರು. ಅದು ಮೆದುವಾಗದೆ ಎರಡು ಹೋಳಾಗಿ ಜಾರಿತು. "ಹುಳಿ ಆಗಲೇ ಬಿಟ್ಟೆಯಾ?" ಅಂದರು, ಅಷ್ಟೇ. ಇವತ್ತಿಗೂ ಬೇಳೆಯನ್ನು ಬೆರಳಲ್ಲಿ ಹಿಚುಕಿ ನೋಡದೆ ನಾನು ಹುಳಿ ಬಿಡುವುದಿಲ್ಲ. ನೀನೂ ಹಾಗೇ ಮಾಡು.

ಇನ್ನು ನೀರು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಹೆಚ್ಚಿನ ಕಡೆ ಸಾವಿರ ಸಾವಿರದೈನೂರು ಅಡಿ ಆಳದ ಬೋರ್‌ವೆಲ್ ನೀರೇ ಗತಿ. ಅದು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಮೈಗೆ ಅಂಟಿಕೊಂಡು ಅದನ್ನು ಮೆತ್ತಗಾಗಲು ಬಿಡಲ್ಲ. ಪಾತ್ರೆ ಒಳಗೆ ಬೆಳ್ಳಗೆ ಕಟ್ಟಿಕೊಳ್ಳುತ್ತದಲ್ಲ, ಅದೇ. ಅದರ ಜೊತೆಗೆ ಫ್ಲೋರೈಡ್ ಬೇರೆ. ಬಾಗೇಪಲ್ಲಿ ಕಡೆಯ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ನೋಡಿರುತ್ತೀಯ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು, ಅಡುಗೆಗೂ ಬಳಸಬಾರದು. ಕಾಯಿಸಿದರೆ ಹೋಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಹೋಗಲ್ಲ ಮಗಾ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ನಿನ್ನ ರೂಮಿನ ಹತ್ತಿರ ಶುದ್ಧ ನೀರಿನ ಘಟಕ ಇದೆ ಅಂದೆ. ಕ್ಯಾನ್ ತಂದು ಕುಡಿಯೋಕೆ ಮಾತ್ರ ಇಟ್ಟುಕೊಳ್ಳಬೇಡ. ಬೇಳೆಗೆ, ಅನ್ನಕ್ಕೆ, ಸಾರಿಗೆ ಅದೇ ನೀರು. ಪಾತ್ರೆ ತೊಳೆಯೋಕೆ ನಲ್ಲಿ ನೀರು ಸಾಕು.

ಬೇಳೆ ತೊಳೆದು ಅರ್ಧ ಗಂಟೆ ನೆನೆಸು. ಆಫೀಸಿನಿಂದ ಬಂದು ಕೈಕಾಲು ತೊಳೆಯುವ ಮೊದಲು ನೆನೆಹಾಕಿದರೆ ಆಯಿತು. ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ವಿಷಲ್ ಎಣಿಸಬೇಡ, ಒಂದೊಂದು ಕುಕ್ಕರ್ ಒಂದೊಂದು ಥರ ಕೂಗುತ್ತದೆ. ಮೊದಲನೇ ವಿಷಲ್ ಬಂದ ಕೂಡಲೇ ಉರಿ ಸಣ್ಣ ಮಾಡಿ ಗಡಿಯಾರ ನೋಡಿ ಹತ್ತು ನಿಮಿಷ ಬಿಡು, ಆರಿಸಿ ಗಾಳಿ ತಾನಾಗಿ ಇಳಿಯುವವರೆಗೆ ಮುಟ್ಟಬೇಡ. ಒಳಗೆ ಇನ್ನೂ 120 ಡಿಗ್ರಿಯ ಹತ್ತಿರ ಬಿಸಿ ಇರುತ್ತದೆ, ಬೇಳೆ ಬೇಯುತ್ತಲೇ ಇರುತ್ತದೆ. ಚಮಚದಿಂದ ವಿಷಲ್ ಎತ್ತಿ ಗಾಳಿ ಬಿಡುತ್ತೀಯಲ್ಲ, ಆ ಅಭ್ಯಾಸ ಇವತ್ತೇ ಬಿಡು, ಮುಖಕ್ಕೆ ಹಾರಿದರೆ ಏನು ಗತಿ! ಸೋಡಾ ಹಾಕು ಅಂತ ನಿನ್ನ ಸ್ನೇಹಿತ ಹೇಳಿದನಂತೆ. ಬೇಡ. ಬೇಳೆ ಕರಗುತ್ತದೆ, ಅದರ ಜೊತೆ ಬಿ1 ಜೀವಸತ್ವವೂ ಹಾಳಾಗುತ್ತದೆ. ಉಪ್ಪನ್ನು ಕೊನೆಗೆ ಹಾಕು, ಅದರಲ್ಲಿನ ಅಯೋಡಿನ್ ಕುದಿದಷ್ಟೂ ಕಡಿಮೆಯಾಗುತ್ತದೆ.

ಮುದ್ದೆ ಗಂಟಾಗುತ್ತದೆ ಅಂತ ಅಂದಿದ್ದೆ. ಇದನ್ನು ನಿಧಾನವಾಗಿ ಓದು. ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರು. ಹಿಟ್ಟು ಹಳೆಯದಾದರೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲೇ ಕಲಸಿ ಎಸರಿಗೆ ಬಿಟ್ಟು ಒಲೆ ಹಚ್ಚು. ಎಸರು ಕೊತಕೊತ ಕುದಿಯಬೇಕು. ಸುಮ್ನೆ ಬಿಸಿಯಾದರೆ ಸಾಲದು. ಆಗ ಉಳಿದ ಹಿಟ್ಟನ್ನೆಲ್ಲ ಒಂದೇ ಸಲ ನಡುವೆ ಗುಡ್ಡೆಯಾಗಿ ಸುರಿ. ಇಲ್ಲೇ ನೋಡು ನಿನ್ನ ತಪ್ಪು. ಸುರಿದ ತಕ್ಷಣ ತಿರುವೋಕೆ ಶುರು ಮಾಡುತ್ತೀಯ. ಒಣ ಹಿಟ್ಟಿನ ಸುತ್ತ ಬೆಂದ ಹಿಟ್ಟು ಸುತ್ತಿಕೊಂಡು ಗಂಟಾಗುತ್ತದೆ, ಆಮೇಲೆ ಭೀಮನೇ ಬಂದು ತೊಳಸಿದರೂ ಒಡೆಯಲ್ಲ. ಹಿಟ್ಟು ಹಾಕಿದ ಮೇಲೆ ಕೈ ಕಟ್ಟಿಕೊಂಡು ನಿಲ್ಲು. ಕೋಲಿನಿಂದ ನಡುವೆ ಎರಡು ಮೂರು ಕಡೆ ತಳ ಮುಟ್ಟುವ ಹಾಗೆ ಚುಚ್ಚಿ, ಉರಿ ಸಣ್ಣ ಮಾಡಿ, ಮುಚ್ಚಳ ಓರೆಯಾಗಿ ಇಟ್ಟು ಐದಾರು ನಿಮಿಷ ಬಿಡು. ಎಸರು ಆ ತೂತಿನಿಂದ ಬುಳಬುಳ ಅಂತ ಮೇಲೆ ಬಂದು ಹಿಟ್ಟಿನ ಮೇಲೆ ಹರಡುತ್ತದೆ, ತಿಳಿ ಕಂದಾಗಿದ್ದ ಹಿಟ್ಟು ಗಾಢವಾಗುತ್ತಾ ಬರುತ್ತದೆ, ಹಸಿ ವಾಸನೆ ಹೋಗಿ ರಾಗಿಯ ಘಮ ಬರುತ್ತದೆ. ಆಗ ಇಳಿಸಿ, ಬಟ್ಟೆಯಲ್ಲಿ ಪಾತ್ರೆ ಗಟ್ಟಿಯಾಗಿ ಹಿಡಿದು, ಪಕ್ಕಕ್ಕೆ ಒತ್ತಿ ಒತ್ತಿ ತೊಳಸು. ನಮ್ಮಮ್ಮ ಕವೆಗೋಲು ಕೊಟ್ಟು ಕಾಲಲ್ಲಿ ಮೆಟ್ಟಿಕೊಂಡು ತೊಳಸುತ್ತಿದ್ದರು, ನಿನಗೆ ಅಷ್ಟು ಬೇಡ, ಒಬ್ಬನಿಗೆ ತಾನೆ. ತೊಳಸಿದ ಮೇಲೆ ಸ್ವಲ್ಪ ನೀರು ಚಿಮುಕಿಸಿ ಮತ್ತೆ ಎರಡು ನಿಮಿಷ ಸಣ್ಣ ಉರಿ. ಒದ್ದೆ ಬೆರಳಲ್ಲಿ ಮುಟ್ಟಿ ನೋಡು. ಅಂಟದೆ ಬಂದರೆ ಬೆಂದಿದೆ. ಅಂಟಿದರೆ ಇನ್ನೂ ಹಸಿ, ಅದನ್ನು ತಿಂದರೆ ಹೊಟ್ಟೆ ನೋವು ಖಂಡಿತ.

ದಿನಕ್ಕೆ ಒಂದು ಹೊತ್ತಾದರೂ ಮುದ್ದೆ ತಿನ್ನು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. 2023ನ್ನು ಸಿರಿಧಾನ್ಯದ ವರ್ಷ ಅಂತ ಜಗತ್ತೆಲ್ಲ ಆಚರಿಸಿತು, ನಾವು ಅದನ್ನು ಯಾವತ್ತೂ ಬಿಟ್ಟಿರಲಿಲ್ಲ. ರಾಗಿಯನ್ನು ವರ್ಷಗಟ್ಟಲೆ ಇಡಬಹುದು, ಹಿಟ್ಟನ್ನು ಇಡೋಕಾಗಲ್ಲ, ಮುಗ್ಗು ವಾಸನೆ ಬಂದು ಕಹಿಯಾಗುತ್ತದೆ. ಅದಕ್ಕೇ ನಾನು ಎರಡೆರಡೇ ಕೆಜಿ ಬೀಸಿಸಿ ಕಳಿಸುವುದು.

ಮುದ್ದೆಗೆ ಬಸ್ಸಾರು ಕಲಿತುಬಿಡು, ಒಂದೇ ಅಡುಗೆಯಲ್ಲಿ ಸಾರೂ ಆಯಿತು ಪಲ್ಯವೂ ಆಯಿತು. ಒಬ್ಬನೇ ಇರುವವನಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬೇಳೆಯನ್ನು ಕುಕ್ಕರಿಗೆ ಹಾಕಬೇಡ, ತೆರೆದ ಪಾತ್ರೆಯಲ್ಲಿ ಬೇಯಿಸು, ಕರಗಬಾರದು. ಬೇಳೆ ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪು ಹಾಕು. ಮೊದಲೇ ಹಾಕಿದರೆ ಸೊಪ್ಪು ಕಪ್ಪಾಗುತ್ತದೆ. ಎರಡೂ ಬೆಂದ ಮೇಲೆ ನೀರನ್ನು ಬಸಿ, ಆ ಕಟ್ಟೇ ಸಾರಿನ ಜೀವ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು ಎಣ್ಣೆಯಲ್ಲಿ ಹುರಿದು, ತೆಂಗಿನಕಾಯಿ, ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು ಸೇರಿಸಿ, ಬೆಂದ ಬೇಳೆಸೊಪ್ಪು ಒಂದು ಹಿಡಿ ಹಾಕಿ ರುಬ್ಬು. ಆ ಒಂದು ಹಿಡಿಯನ್ನು ಮರೆತರೆ ಸಾರು ನೀರಾಗಿ ಮುದ್ದೆಯಿಂದ ಜಾರುತ್ತದೆ. ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸು, ಒಗ್ಗರಣೆ ಕೊಡು. ಉಳಿದ ಬೇಳೆಸೊಪ್ಪಿಗೆ ಒಗ್ಗರಣೆ, ಕಾಯಿತುರಿ, ಅಷ್ಟೇ. ಜಾಸ್ತಿಯೇ ಮಾಡು, ಮಾರನೇ ದಿನ ಬಿಸಿ ಮಾಡಿದ ಬಸ್ಸಾರಿನ ರುಚಿಯೇ ಬೇರೆ.

ಸೊಪ್ಪನ್ನು ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದನ್ನು ತರಬೇಡ. ಬೆಳಿಗ್ಗೆ ಹಳ್ಳಿಯಿಂದ ಬಂದು ರಸ್ತೆ ಬದಿ ಕೂರುವ ಹೆಂಗಸರ ಹತ್ತಿರ ಹೋಗಿ "ಬೆರಕೆ ಸೊಪ್ಪು ಇದೆಯಾ ಅಕ್ಕ" ಅಂತ ಕೇಳು. ಮಳೆ ಬಿದ್ದ ಮೇಲೆ ಹೊಲದಲ್ಲಿ ತಾನಾಗಿ ಬಂದ ಅಣ್ಣೆ ಸೊಪ್ಪು, ಹೊನಗೊನ್ನೆ, ದಂಟು, ಕೀರೆ, ಗಣಿಕೆ ಎಲ್ಲಾ ಒಂದೇ ಕಟ್ಟಿನಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಹುಡುಕಿದರೆ ಸಿಗಲ್ಲ. ಚೌಕಾಸಿ ಮಾಡಬೇಡ, ಅದನ್ನು ಬಗ್ಗಿ ಬಗ್ಗಿ ಕಿತ್ತು ತಂದಿರುತ್ತಾರೆ.

ಟೊಮೆಟೊ ಇಲ್ಲದೆ ಸಾರೇ ಇಲ್ಲ ಅಂದುಕೊಂಡಿದ್ದೀಯ. ಕೋಲಾರದ ಎಪಿಎಂಸಿ ಮಾರುಕಟ್ಟೆಯಿಂದ ಹದಿನೈದು ಕೆಜಿ ಬಾಕ್ಸುಗಳು ಲಾರಿ ಲಾರಿ ಹೊರಡುವ ಜಿಲ್ಲೆ ನಮ್ಮದು, ಆದರೂ 2023ರ ಜುಲೈನಲ್ಲಿ ಕೆಜಿ ನೂರು ರೂಪಾಯಿ ದಾಟಿದಾಗ ನಮ್ಮ ಮನೆಗೆ ಒಂದು ತಿಂಗಳು ಟೊಮೆಟೊ ಬರಲಿಲ್ಲ. ಹೊಲದ ಬದಿಯ ಮರದ ಹುಣಸೆಹಣ್ಣಿನಲ್ಲೇ ನಡೆಯಿತು, ಬೇಸಿಗೆಯಲ್ಲಿ ಇದೇ ಊರಿನ ತೋತಾಪುರಿ ಮಾವಿನಕಾಯಿ ಇರುತ್ತದೆ. ಹುಳಿಗೆ ಒಂದನ್ನೇ ನಂಬಬೇಡ.

ಈಗ ಒಂದು ಮಾತು, ಇದನ್ನು ಹೇಳಲೆಂದೇ ಕಾಗದ ಬರೆಯಬೇಕು ಅನ್ನಿಸಿದ್ದು. ಬೆಳಿಗ್ಗೆ ಮಾಡಿದ ಅನ್ನವನ್ನು ರಾತ್ರಿವರೆಗೂ ಕುಕ್ಕರಿನಲ್ಲೇ ಬಿಟ್ಟು, ಬಂದು ಚಿತ್ರಾನ್ನ ಮಾಡಿಕೊಳ್ಳುತ್ತೀನಿ ಅಂದೆ. ಬೇಡ ಕಣಪ್ಪಾ. ನಿನ್ನ ಅಕ್ಕಂದಿರಿಬ್ಬರೂ ಚಿಕ್ಕವರಿದ್ದಾಗ, ಒಂದು ಮೇ ತಿಂಗಳು, ಬೆಳಗಿನ ಅನ್ನಕ್ಕೆ ಸಂಜೆ ಒಗ್ಗರಣೆ ಹಾಕಿ ನಾನೇ ಕೊಟ್ಟೆ. ರಾತ್ರಿ ಹತ್ತು ಗಂಟೆಗೆ ಇಬ್ಬರಿಗೂ ವಾಂತಿ ಶುರುವಾಗಿ ಬೆಳಗಿನ ಜಾವದವರೆಗೂ ನಿಲ್ಲಲಿಲ್ಲ. ಅನ್ನ ಹಳಸಿರಲಿಲ್ಲ, ವಾಸನೆಯೂ ಬಂದಿರಲಿಲ್ಲ. ಡಾಕ್ಟರು ಆಮೇಲೆ ಹೇಳಿದರು. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯಲ್ಲ, ಅನ್ನ ಬೆಚ್ಚಗೆ ಕೂತಿದ್ದರೆ ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಆದ್ದರಿಂದ ಮಿಕ್ಕ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡು, ಮಾರನೇ ದಿನ ಮುಗಿಸು. ಆ ರಾತ್ರಿ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದನ್ನು ನಾನು ಮರೆತಿಲ್ಲ. ನೀನಲ್ಲಿ ಒಬ್ಬನೇ ಇದ್ದೀಯ.

ಹೋಟೆಲ್ ಊಟ ಬಿಡು ಅಂತ ಹೇಳಲ್ಲ. ಶನಿವಾರ ಸ್ನೇಹಿತರ ಜೊತೆ ಹೋಗಿ ತಿಂದು ಬಾ. ದಿನಾ ಬೇಡ.

ಅವರೆಕಾಯಿ ಬಂತಾ ಅಂತ ಕೇಳಿದ್ದೆ. ಈಗ ಅಂಗಡಿಯಲ್ಲಿ ಸಿಗುತ್ತಿರುವುದನ್ನು ತರಬೇಡ, ಅದು ವರ್ಷವಿಡೀ ಬರುವ ಹೊಸ ತಳಿಯ ಅವರೆ, ಸೊಗಡಿಲ್ಲ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾದ ಮೇಲೇ ಹೂ ಬಿಡುವ ಗಿಡ, ಎಷ್ಟು ಅವಸರ ಮಾಡಿದರೂ ಮಾರ್ಗಶಿರದ ಚಳಿಗೇ ಕಾಯಿ ಬಲಿಯುವುದು. ಇಬ್ಬನಿ ಬಿದ್ದ ಕಾಯಿ ಸುಲಿದರೆ ಕೈಗೆಲ್ಲ ಎಣ್ಣೆ ಎಣ್ಣೆ ಜಿಡ್ಡು, ಎರಡು ಸಲ ಸೋಪು ಹಾಕಿದರೂ ಆ ವಾಸನೆ ಬೆರಳಲ್ಲೇ ಇರುತ್ತದೆ. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಎಲ್ಲರೂ ಸುತ್ತ ಕೂತು ಹಿಚುಕಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನೀನು ಚಿಕ್ಕವನಿದ್ದಾಗ ಚಿಮ್ಮಿದ ಬೇಳೆ ಹುಡುಕಿಕೊಂಡು ಮಂಚದ ಕೆಳಗೆ ತೂರುತ್ತಿದ್ದೆ. ಹಿತಕಿದ ಬೇಳೆ ಸಾರನ್ನು ಬರೆದು ಕಲಿಸೋಕೆ ಆಗಲ್ಲ. ಡಿಸೆಂಬರ್ ಕೊನೇ ಶನಿವಾರ ರಾತ್ರಿಯ ಬಸ್ಸಿಗೇ ಬಂದುಬಿಡು, ಕಾಳು ನೆನೆಹಾಕಿ ಇಟ್ಟಿರುತ್ತೇನೆ.

ನಾಳೆ ಬಸ್ಸಿನಲ್ಲಿ ಎರಡು ಕೆಜಿ ರಾಗಿ ಹಿಟ್ಟು, ಉಪ್ಪು ಹಾಕಿ ಕುಟ್ಟಿದ ಹುಣಸೆಹಣ್ಣು, ಸಾರಿನ ಪುಡಿ ಕಳಿಸುತ್ತಿದ್ದೇನೆ. ನಿಮ್ಮ ದೊಡ್ಡಪ್ಪ ಕಂಡಕ್ಟರ್ ನಂಬರ್ ಕಳಿಸುತ್ತಾರೆ. ಪುಡಿ ಇರುವ ಸ್ಟೀಲ್ ಡಬ್ಬಕ್ಕೆ ಒದ್ದೆ ಚಮಚ ಹಾಕಬೇಡ. ಬರುವಾಗ ಹಳೇ ಡಬ್ಬ ಎರಡೂ ತಗೊಂಡು ಬಾ.

ಇಂತಿ,
ನಿನ್ನ ದೊಡ್ಡಮ್ಮ